ಬುಷೆಲ್‌ನಿಂದ ಫೋರ್‌ಲಿಟ್‌ಗೆ: ಕಾಫಿ ಕಣದಲ್ಲಿ ವಿಶಿಷ್ಟ ಗಾತ್ರದ ಲೆಕ್ಕ

ಗೊತ್ತಾದ ದ್ರವ್ಯರಾಶಿಯ ಒಂದು ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ತಿಳಿಸುವ ಪ್ರಮಾಣಕ್ಕೆ ವಿಶಿಷ್ಟ ಗಾತ್ರವೆಂದು ಹೆಸರು. ಗಾತ್ರವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ಅದು ಸಿಗುತ್ತದೆ. ಶಾಲೆಯ ಪಾಠದಲ್ಲಿ ಎಲ್ಲರೂ ಕಲಿತಿರುವ ಸಾಂದ್ರತೆಯನ್ನು ತಲೆಕೆಳಗು ಮಾಡಿದರೂ ಅದೇ ಸಿಗುತ್ತದೆ. ಮೆಟ್ರಿಕ್ ಪದ್ಧತಿಯಲ್ಲಿ ಇದನ್ನು ಕಿಲೋಗ್ರಾಮಿಗೆ ಇಷ್ಟು ಘನಮೀಟರ್ ಅಥವಾ ಇಷ್ಟು ಲೀಟರ್ ಎಂದೂ, ಬ್ರಿಟಿಷರ ಇಂಪೀರಿಯಲ್ ಪದ್ಧತಿಯಲ್ಲಿ ಪೌಂಡಿಗೆ ಇಷ್ಟು ಘನ ಅಡಿ ಎಂದೂ ಬರೆಯುತ್ತಾರೆ. ಬಾಯ್ಲರ್, ಉಗಿಯಂತ್ರ, ಫ್ಯಾನುಗಳನ್ನು ಕುರಿತ ಎಂಜಿನಿಯರಿಂಗ್ ಗ್ರಂಥಗಳ ಹಿಂಬದಿಯ ಕೋಷ್ಟಕಗಳಲ್ಲಿ ಮಾತ್ರ ಕಾಣಸಿಗುವ ಪ್ರಮಾಣವಿದು ಎಂಬ ಭಾವನೆ ಸಾಮಾನ್ಯ. ಆದರೆ ಮೂಡಿಗೆರೆ ಮತ್ತು ಕಳಸ ಸೀಮೆಯ ಕಾಫಿ ತೋಟಗಳಲ್ಲಿ, ಬಾಳೂರಿನ ಸುತ್ತಲಿನ ಕಣಗಳಲ್ಲಿ, ಕೊಯ್ಲಿನ ಕಾಲದಲ್ಲಿ ಇದೇ ಪ್ರಮಾಣವನ್ನು ದಿನದಿನವೂ ಅಳೆಯುತ್ತಾರೆ. ಅಲ್ಲಿ ಅದನ್ನು ಫೋರ್‌ಲಿಟ್ ತೂಕ ಎನ್ನುತ್ತಾರೆ.

ಫೋರ್‌ಲಿಟ್ ಎಂದರೆ ನಲವತ್ತು ಲೀಟರ್ ಹಿಡಿಯುವ ಅಳತೆಯ ಪೆಟ್ಟಿಗೆ. ಕಣದಲ್ಲಿ ಒಣಗುತ್ತಿರುವ ಕಾಫಿಯನ್ನು ಅದರೊಳಗೆ ಸುರಿದು, ಒತ್ತದೆ, ಕುಲುಕದೆ, ಬಾಯಿಮಟ್ಟಕ್ಕೆ ಹಲಗೆಯಿಂದ ಸವರಿ, ಒಳಗಿನ ಕಾಫಿಯನ್ನು ತೂಗಿ, ಆ ತೂಕವನ್ನು ತೋಟದ ರೈಟರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಾಫಿ ಮಂಡಳಿಯ ಮಾರ್ಗಸೂಚಿಯ ಪ್ರಕಾರ ಸರಿಯಾಗಿ ಒಣಗಿದ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಮತ್ತು ಲೋಳೆಯನ್ನು ತೆಗೆದು ಹೊಟ್ಟಿನ ಸಮೇತ ಒಣಗಿಸಿದ ಬೀಜ, ಒಂದು ಫೋರ್‌ಲಿಟ್‌ಗೆ 15.5 ಕಿಲೋಗ್ರಾಂ ತೂಗಬೇಕು; ಹಣ್ಣನ್ನು ಇಡಿಯಾಗಿಯೇ ಒಣಗಿಸಿದ ಅರೇಬಿಕಾ ಚೆರ್ರಿಯೂ ರೊಬಸ್ಟಾ ಪಾರ್ಚ್‌ಮೆಂಟೂ 16 ಕಿಲೋಗ್ರಾಂ, ರೊಬಸ್ಟಾ ಚೆರ್ರಿ 18 ಕಿಲೋಗ್ರಾಂ. ಇವುಗಳ ಹಿಂದೆ ಇರುವ ತೇವಾಂಶದ ಗುರಿ ಎರಡೂ ಬಗೆಯ ಪಾರ್ಚ್‌ಮೆಂಟಿಗೆ ಶೇಕಡ 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದಾಗ ಚೆರ್ರಿ ಗಲಗಲ ಎನ್ನಬೇಕು, ಮತ್ತು ಎರಡು ದಿನ ಒಂದರ ಮೇಲೊಂದು ಫೋರ್‌ಲಿಟ್ ತೂಕ ಬದಲಾಗದೆ ನಿಲ್ಲಬೇಕು. ಆಗಲೇ ಒಣಗುವಿಕೆ ಮುಗಿಯಿತೆಂದು ಲೆಕ್ಕ.

ಈ ತೂಕಗಳನ್ನು ಭೌತಶಾಸ್ತ್ರದ ರೂಪಕ್ಕೆ ತರುವುದು ಒಂದು ಭಾಗಾಕಾರದ ಕೆಲಸ. ನಲವತ್ತನ್ನು 15.5ರಿಂದ ಭಾಗಿಸಿದರೆ ಅರೇಬಿಕಾ ಪಾರ್ಚ್‌ಮೆಂಟಿನ ವಿಶಿಷ್ಟ ಗಾತ್ರ ಕಿಲೋಗ್ರಾಮಿಗೆ 2.58 ಲೀಟರ್ ಎಂದು ಬರುತ್ತದೆ. 16ರಿಂದ ಭಾಗಿಸಿದರೆ 2.5 ಲೀಟರ್, 18ರಿಂದ ಭಾಗಿಸಿದರೆ 2.22 ಲೀಟರ್. ರೊಬಸ್ಟಾ ಚೆರ್ರಿಯ ಸಂಖ್ಯೆ ಎಲ್ಲಕ್ಕಿಂತ ಚಿಕ್ಕದು, ಏಕೆಂದರೆ ಆ ಹಣ್ಣಿನಲ್ಲಿ ಸಿಪ್ಪೆ ಮತ್ತು ತಿರುಳಿನ ಪಾಲು ಕಡಿಮೆ, ಬೀಜದ ಪಾಲು ಹೆಚ್ಚು. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು: ಇದು ಒಂದೊಂದು ಬೀಜದ ವಿಶಿಷ್ಟ ಗಾತ್ರವಲ್ಲ, ರಾಶಿಯ ವಿಶಿಷ್ಟ ಗಾತ್ರ. ಬೀಜ ಮತ್ತು ಹೊಟ್ಟಿನ ನಡುವಣ ಟೊಳ್ಳು, ಒಂದು ಬೀಜಕ್ಕೂ ಇನ್ನೊಂದಕ್ಕೂ ಮಧ್ಯದ ಸಂದು, ಆ ಸಂದುಗಳಲ್ಲಿ ತುಂಬಿದ ಗಾಳಿ, ಇವೆಲ್ಲವೂ ಆ ನಲವತ್ತು ಲೀಟರಿನೊಳಗೇ ಸೇರಿವೆ. ಪೆಟ್ಟಿಗೆಯನ್ನು ಎರಡು ಬಾರಿ ನೆಲಕ್ಕೆ ಕುಟ್ಟಿದರೆ ಬೀಜಗಳು ಒತ್ತೊತ್ತಾಗಿ ಕೂತು ವಿಶಿಷ್ಟ ಗಾತ್ರ ಇಳಿಯುತ್ತದೆ, ತೂಕ ಏರುತ್ತದೆ, ಕಾಫಿ ಇನ್ನೂ ಹಸಿಯಿದೆಯೆಂಬ ತಪ್ಪು ತೀರ್ಮಾನಕ್ಕೆ ದಾರಿಯಾಗುತ್ತದೆ. ಹಳೆಯ ಮಲೆನಾಡಿನಲ್ಲಿ ಕೊಳಗದಿಂದ ಭತ್ತ ಅಳೆಯುವಾಗ ಮಟ್ಟ ಸವರಿದ ಅಳತೆಯೋ ರಾಶಿ ಏರಿಸಿದ ಅಳತೆಯೋ ಎಂಬುದನ್ನು ಒಡೆಯನೂ ಗೇಣಿದಾರನೂ ಮೊದಲೇ ಮಾತಾಡಿಕೊಳ್ಳಬೇಕಾಗಿದ್ದದ್ದು ಇದೇ ಕಾರಣಕ್ಕೆ.

ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ ಲೆಕ್ಕದ ಪುಸ್ತಕಗಳ ಭಾಷೆ ಬೇರೆಯಾಗಿತ್ತು. ಕಣದಲ್ಲಿ ಕಾಫಿಯನ್ನು ಬುಷೆಲ್‌ನಲ್ಲಿ ಅಳೆಯುತ್ತಿದ್ದರು, ಹೊಟ್ಟು ತೆಗೆದು ಸಂಸ್ಕರಿಸಿದ ಬೀಜವನ್ನು ಹಂಡ್ರೆಡ್‌ವೇಟ್‌ನಲ್ಲಿ, ಅಂದರೆ 112 ಪೌಂಡುಗಳ ತೂಕದಲ್ಲಿ, ಲೆಕ್ಕ ಹಾಕುತ್ತಿದ್ದರು. ಹಂಡ್ರೆಡ್‌ವೇಟ್ 50.8 ಕಿಲೋಗ್ರಾಂ ಆಗುತ್ತದೆ; ಇಂದು ಬೆಲೆ ಹೇಳುವ 50 ಕಿಲೋಗ್ರಾಂ ಚೀಲಕ್ಕೆ ಅದು ಅಷ್ಟು ಹತ್ತಿರ ಇರುವುದರಿಂದ ಹಳೆಯ ಪುಸ್ತಕ ಓದುವವರಿಗೆ ಎರಡೂ ಒಂದೇ ಎಂಬ ಭ್ರಮೆ ಹುಟ್ಟುವುದು ಸುಲಭ, ಆದರೆ ನೂರಕ್ಕೆ ಒಂದೂವರೆ ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ನೂರು ಚೀಲದಲ್ಲಿ ಒಂದೂವರೆ ಚೀಲಕ್ಕಿಂತ ಹೆಚ್ಚಿನ ಕಾಫಿಯೇ ಆಗಿದೆ. ಭಾರತದ ಸಂಸತ್ತು 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಕಾಯ್ದೆಯನ್ನು ಅಂಗೀಕರಿಸಿತು; 1957ರ ಏಪ್ರಿಲ್ 1ರಂದು ನಾಣ್ಯಗಳು ದಶಮಾನಕ್ಕೆ ಬಂದವು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಯಾದವು. ಸೇರು, ಮಣ, ಪೌಂಡುಗಳು ಅಂಗಡಿಯಿಂದ ಹೊರಟುಹೋದ ಆ ವರ್ಷಗಳ ಬದಲಾವಣೆಯ ಫಲವಾಗಿಯೇ ಕಾಫಿ ಕಣದಲ್ಲಿ ಬುಷೆಲ್‌ನ ಜಾಗಕ್ಕೆ ನಲವತ್ತು ಲೀಟರಿನ ಪೆಟ್ಟಿಗೆ ಬಂದು ಕೂತಿತು. ಮಳೆಯ ಲೆಕ್ಕ ಮಾತ್ರ ಇಂದಿಗೂ ಹಳೆಯದೇ: ಇಂಚು ಮತ್ತು ಸೆಂಟು, ಅಂದರೆ ಇಂಚಿನ ನೂರನೆಯ ಒಂದು ಭಾಗ. ಹೂಮಳೆ ಎಷ್ಟು ಬಿತ್ತೆಂದು ಬಾಳೂರಿನಲ್ಲಿ ಯಾರನ್ನು ಕೇಳಿದರೂ ಮಿಲಿಮೀಟರಿನಲ್ಲಿ ಉತ್ತರ ಬರುವುದು ಅಪರೂಪ, ತೋಟದ ಅಳತೆಯೂ ಎಕರೆಯಲ್ಲೇ ನಿಂತಿದೆ. ಎರಡು ಪದ್ಧತಿಗಳು ಒಂದೇ ಪುಸ್ತಕದ ಎದುರುಬದುರು ಪುಟಗಳಲ್ಲಿ ಬದುಕಿರುವ ಇಂಥ ಕಡೆ ಪರಿವರ್ತನೆಯ ವಿದ್ಯೆ ನಿತ್ಯದ ಅಗತ್ಯ.

ಪರಿವರ್ತನೆಯ ತಳಹದಿ ಎರಡು ನಿಖರ ಸಂಖ್ಯೆಗಳು. 1959ರ ಅಂತಾರಾಷ್ಟ್ರೀಯ ಒಪ್ಪಂದದಂತೆ ಒಂದು ಅಡಿ ಸರಿಯಾಗಿ 0.3048 ಮೀಟರ್, ಒಂದು ಪೌಂಡ್ ಸರಿಯಾಗಿ 0.45359237 ಕಿಲೋಗ್ರಾಂ. ಅಡಿಯನ್ನು ಮೂರು ಬಾರಿ ಗುಣಿಸಿದರೆ ಒಂದು ಘನ ಅಡಿಗೆ 0.0283168 ಘನಮೀಟರ್ ಬರುತ್ತದೆ. ಅದನ್ನು ಪೌಂಡಿನ ಕಿಲೋಗ್ರಾಂ ಬೆಲೆಯಿಂದ ಭಾಗಿಸಿದರೆ, ಪೌಂಡಿಗೆ ಒಂದು ಘನ ಅಡಿ ಎಂಬುದು ಕಿಲೋಗ್ರಾಮಿಗೆ 0.062428 ಘನಮೀಟರ್, ಅಂದರೆ 62.428 ಲೀಟರ್ ಎಂದಾಗುತ್ತದೆ. ಹಿಂದಿರುಗಿ ಬರುವಾಗ ಕಿಲೋಗ್ರಾಮಿಗೆ ಒಂದು ಘನಮೀಟರ್ ಎಂದರೆ ಪೌಂಡಿಗೆ 16.0185 ಘನ ಅಡಿ. ವಿಶಿಷ್ಟ ಗಾತ್ರ ಒಂದು ಭಾಗಲಬ್ಧವಾದ್ದರಿಂದ ಅದರ ಪರಿವರ್ತನಾಂಕವೂ ಎರಡು ಪರಿವರ್ತನಾಂಕಗಳ ಭಾಗಲಬ್ಧ. ಮೇಲಿನದನ್ನು ಬದಲಿಸಿ ಕೆಳಗಿನದನ್ನು ಹಾಗೆಯೇ ಬಿಟ್ಟರೆ ಹುಟ್ಟುವ ಸಂಖ್ಯೆ ಯಾವ ಪದ್ಧತಿಗೂ ಸೇರದ ಅನಾಥ ಸಂಖ್ಯೆ. ಈ ಲೆಕ್ಕದಂತೆ ಅರೇಬಿಕಾ ಪಾರ್ಚ್‌ಮೆಂಟಿನ 2.58 ಲೀಟರ್ ಪೌಂಡಿಗೆ 0.0413 ಘನ ಅಡಿ ಆಗುತ್ತದೆ. ಹತ್ತು ಟನ್ ಪಾರ್ಚ್‌ಮೆಂಟನ್ನು ಸುರಿದಿಡಲು 25.8 ಘನಮೀಟರ್ ಬೇಕು. ಮಲೆನಾಡಿನ ಗಾರೆಯವರೂ ಬಡಗಿಗಳೂ ಅಡಿಯ ಲೆಕ್ಕದಲ್ಲೇ ಮಾತಾಡುವುದರಿಂದ ಅದನ್ನು 911 ಘನ ಅಡಿ ಎಂದು ಹೇಳಿದರೆ, ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ ಏಳೂವರೆ ಅಡಿಗಿಂತ ತುಸು ಹೆಚ್ಚು ಎತ್ತರಕ್ಕೆ ಅದು ಬರುತ್ತದೆಂದು ತಿಳಿಯುತ್ತದೆ. ಅಷ್ಟೇ ತೂಕದ ರೊಬಸ್ಟಾ ಚೆರ್ರಿಗೆ 785 ಘನ ಅಡಿ ಸಾಕು.

ಬುಷೆಲ್ ಮತ್ತು ಫೋರ್‌ಲಿಟ್‌ಗಳ ಸಂಬಂಧ ಇನ್ನೂ ಸ್ವಾರಸ್ಯಕರವಾದುದು, ಮತ್ತು ಈ ಉಪನ್ಯಾಸ ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ. ಇಂಪೀರಿಯಲ್ ಬುಷೆಲ್ ಎಂಟು ಗ್ಯಾಲನ್‌ಗಳದ್ದು. ಒಂದು ಗ್ಯಾಲನ್ ಈಗಿನ ವ್ಯಾಖ್ಯೆಯಂತೆ 4.54609 ಲೀಟರ್ ಆದ್ದರಿಂದ ಬುಷೆಲ್ 36.369 ಲೀಟರ್. ಫೋರ್‌ಲಿಟ್ ಅದಕ್ಕಿಂತ ಹತ್ತಿರಹತ್ತಿರ ಹತ್ತನೆಯ ಒಂದು ಪಾಲು ದೊಡ್ಡದು. ಇನ್ನೊಂದು ಕಡೆ ಕಿಲೋಗ್ರಾಂ ಪೌಂಡಿನ 2.2046ರಷ್ಟು. ಇವೆರಡನ್ನೂ ಸೇರಿಸಿ ಲೆಕ್ಕ ಮಾಡಿದರೆ, ಫೋರ್‌ಲಿಟ್‌ಗೆ ಇಷ್ಟು ಕಿಲೋಗ್ರಾಂ ಎಂಬ ಸಂಖ್ಯೆಯನ್ನು 2.0045ರಿಂದ ಗುಣಿಸಿದಾಗ ಬುಷೆಲ್‌ಗೆ ಇಷ್ಟು ಪೌಂಡ್ ಎಂಬ ಸಂಖ್ಯೆ ಸಿಗುತ್ತದೆ. ಅಂದರೆ 15.5 ಕಿಲೋಗ್ರಾಂ 31.07 ಪೌಂಡ್ ಆಗುತ್ತದೆ, 16 ಕಿಲೋಗ್ರಾಂ 32.07 ಪೌಂಡ್, 18 ಕಿಲೋಗ್ರಾಂ 36.08 ಪೌಂಡ್. ಹಳೆಯ ಪುಸ್ತಕದ ಪೌಂಡುಗಳನ್ನು ಅರ್ಧ ಮಾಡಿದರೆ ಹೊಸ ಪುಸ್ತಕದ ಕಿಲೋಗ್ರಾಂಗಳು ಬಾಯಲ್ಲೇ ಬಂದುಬಿಡುತ್ತವೆ. ಗುಣಕವನ್ನೂ ಕೋಷ್ಟಕವನ್ನೂ ಹುಡುಕುವ ಅಗತ್ಯವೇ ಇಲ್ಲ.

ಈ ಎರಡರ ಗುಣಕ ಆಕಸ್ಮಿಕವಲ್ಲ, ಅದರ ಹಿಂದೆ ನೀರಿದೆ. 1824ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇಂಪೀರಿಯಲ್ ಗ್ಯಾಲನ್ನನ್ನು ವ್ಯಾಖ್ಯಾನಿಸಿದಾಗ ಉದ್ದಗಲಗಳನ್ನು ಆಧಾರ ಮಾಡಿಕೊಳ್ಳದೆ, 62 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ, ವಾಯುಭಾರಮಾಪಕ 30 ಇಂಚು ತೋರಿಸುತ್ತಿರುವಾಗ, ಹಿತ್ತಾಳೆಯ ಬಟ್ಟುಗಳಿಗೆ ಎದುರಾಗಿ ಗಾಳಿಯಲ್ಲೇ ತೂಗಿದ ಹತ್ತು ಪೌಂಡ್ ಶುದ್ಧ ನೀರು ಹಿಡಿಯುವ ಜಾಗವೇ ಗ್ಯಾಲನ್ ಎಂದು ನಿಗದಿ ಮಾಡಿತು. ಫ್ರಾನ್ಸಿನ ಕ್ರಾಂತಿಯ ಕಾಲದ ವಿದ್ವಾಂಸರು ಒಂದು ಲೀಟರ್ ನೀರಿನ ದ್ರವ್ಯರಾಶಿ ಒಂದು ಕಿಲೋಗ್ರಾಂ ಆಗುವಂತೆ ತಮ್ಮ ಪದ್ಧತಿಯನ್ನು ಕಟ್ಟಿದರು. ಹೀಗೆ ಪರಸ್ಪರ ಒಗ್ಗದ ಎರಡು ಪದ್ಧತಿಗಳೂ ಗಾತ್ರವನ್ನು ತೂಕಕ್ಕೆ ಬೆಸೆಯುವ ಜಾಗದಲ್ಲಿ ನೀರಿನ ವಿಶಿಷ್ಟ ಗಾತ್ರವನ್ನೇ ಇಟ್ಟುಕೊಂಡವು. ಬುಷೆಲ್ ಎಂಬತ್ತು ಪೌಂಡ್ ನೀರಿನ ಪಾತ್ರೆ, ಫೋರ್‌ಲಿಟ್ ನಲವತ್ತು ಕಿಲೋಗ್ರಾಂ ನೀರಿನ ಪಾತ್ರೆ. ಯಾವ ವಸ್ತುವನ್ನು ತುಂಬಿದರೂ ಮೊದಲನೆಯದರ ಸಂಖ್ಯೆ ಎರಡನೆಯದರ ಎರಡರಷ್ಟಾಗಿಯೇ ಬರುತ್ತದೆ.

ಉಳಿಯುವುದು 2.0045ರಲ್ಲಿ ಎರಡಕ್ಕಿಂತ ಮಿಕ್ಕಿರುವ ಆ ಚೂರು, ಸಾವಿರದಲ್ಲಿ ಸುಮಾರು ಎರಡೂಕಾಲು ಭಾಗ. ಅದನ್ನು ಅಂದಾಜಿನ ದೋಷವೆಂದು ತಳ್ಳಿಹಾಕಿದರೆ ಒಂದು ಸೊಗಸಾದ ಸಂಗತಿ ಕೈತಪ್ಪುತ್ತದೆ. 62 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 16.7 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು ತನ್ನ ಗರಿಷ್ಠ ಸಾಂದ್ರತೆಯ 4 ಡಿಗ್ರಿಯಲ್ಲಿರುವುದಕ್ಕಿಂತ ಸ್ವಲ್ಪ ಹಿಗ್ಗಿರುತ್ತದೆ. ಆಗ ಅದರ ವಿಶಿಷ್ಟ ಗಾತ್ರ ಕಿಲೋಗ್ರಾಮಿಗೆ 1.0012 ಲೀಟರ್. ಗಾಳಿಯಲ್ಲಿ ತೂಗುವಾಗ ನೀರನ್ನು ಗಾಳಿ ಮೇಲಕ್ಕೆ ಎತ್ತುವ ಬಲ, ಅಷ್ಟೇ ತೂಕದ ಚಿಕ್ಕ ಗಾತ್ರದ ಹಿತ್ತಾಳೆಯನ್ನು ಎತ್ತುವ ಬಲಕ್ಕಿಂತ ಹೆಚ್ಚು. ಆದ್ದರಿಂದ ತಕ್ಕಡಿ ಸಮವಾಗಲು ಸಾವಿರಕ್ಕೆ ಇನ್ನೂ ಒಂದು ಭಾಗದಷ್ಟು ನೀರು ಹೆಚ್ಚಾಗಿ ಬೇಕು. ಎರಡನ್ನೂ ಕೂಡಿಸಿದರೆ ಆ ಎರಡೂಕಾಲು ಭಾಗ ಪೂರ್ತಿಯಾಗಿ ವಿವರಣೆಗೊಳ್ಳುತ್ತದೆ. ಲಂಡನ್ನಿನ ಒಂದು ಕೋಣೆಯ ಉಷ್ಣತೆಯೂ ಗಾಳಿಯ ಒತ್ತಡವೂ ಎರಡು ಶತಮಾನಗಳಾಚೆ ಪಶ್ಚಿಮಘಟ್ಟದ ಕಾಫಿ ಕಣದ ಲೆಕ್ಕದಲ್ಲಿ ಇನ್ನೂ ಉಳಿದಿವೆ ಎಂಬುದು ಅಳತೆಯ ಶಾಸ್ತ್ರವನ್ನು ಪ್ರೀತಿಸುವವರಿಗೆ ನಿಜವಾಗಿಯೂ ಸಂತೋಷ ಕೊಡುವ ಮಾತು. ವ್ಯವಹಾರದಲ್ಲಿ ಈ ಚೂರು ಎಷ್ಟು ಮುಖ್ಯವೆಂದು ನೋಡಿದರೆ, 31 ಪೌಂಡನ್ನು ನೇರವಾಗಿ ಅರ್ಧ ಮಾಡಿ 15.5 ಎಂದು ಬರೆಯುವ ಬದಲು ಸರಿಯಾಗಿ ಲೆಕ್ಕ ಹಾಕಿದರೆ 15.465 ಕಿಲೋಗ್ರಾಂ ಬರುತ್ತದೆ. ವ್ಯತ್ಯಾಸ 35 ಗ್ರಾಂ. ತೇವಾಂಶ ಶೇಕಡ 10ರಿಂದ 11ಕ್ಕೆ ಏರಿದರೆ, ಗಾತ್ರ ಬದಲಾಗದೆಂದು ಇಟ್ಟುಕೊಂಡಾಗ, ಫೋರ್‌ಲಿಟ್ ತೂಕ ಸುಮಾರು 174 ಗ್ರಾಂ ಹೆಚ್ಚುತ್ತದೆ. ಅದರೊಂದಿಗೆ ಹೋಲಿಸಿದರೆ 35 ಗ್ರಾಂ ತೇವಾಂಶದ ಶೇಕಡ 0.2ಕ್ಕೆ ಮಾತ್ರ ಸಮ. ಕಣದ ಕೆಲಸಕ್ಕೆ ಅರ್ಧ ಮಾಡುವ ಸೂತ್ರ ಸಾಕು.

ಸಾಲದಿರುವುದು ಅರ್ಧಂಬರ್ಧ ಪರಿವರ್ತನೆ. ಶೆಡ್ಡಿನ ಮೂಲೆಯಲ್ಲಿ ಉಳಿದ ಹಳೆಯ ಬುಷೆಲ್ ಪೆಟ್ಟಿಗೆಯನ್ನು ಫೋರ್‌ಲಿಟ್ ಎಂದೇ ನಂಬಿ, ಅದರಲ್ಲಿ 15.5 ಕಿಲೋಗ್ರಾಂ ತೂಕ ಬಂದಾಗ ಪಾರ್ಚ್‌ಮೆಂಟ್ ಒಣಗಿತೆಂದು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ಆ ಕಾಫಿಯ ವಿಶಿಷ್ಟ ಗಾತ್ರ ಕಿಲೋಗ್ರಾಮಿಗೆ 2.35 ಲೀಟರ್ ಮಾತ್ರ. ನಿಜವಾದ ಫೋರ್‌ಲಿಟ್‌ನಲ್ಲಿ ಅದು 17 ಕಿಲೋಗ್ರಾಂ ದಾಟುತ್ತದೆ. ಗಾತ್ರ ಬದಲಾಗದೆಂಬ ಅದೇ ಅಂದಾಜಿನಲ್ಲಿ ತೇವಾಂಶ ಶೇಕಡ 18ರ ಸುಮಾರಿಗಿರುತ್ತದೆ. ಅಂತಾರಾಷ್ಟ್ರೀಯ ಕಾಫಿ ಸಂಸ್ಥೆ ರಫ್ತಿನ ಬೀಜಕ್ಕೆ ಸೂಚಿಸಿರುವ ಮೇಲ್ಮಿತಿ ಶೇಕಡ 12.5. ಅದನ್ನು ಮೀರಿದ ಕಾಫಿಗೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಬೀಜದ ಬಣ್ಣ ಕೆಡುತ್ತದೆ, ಕೆಲವು ಬೂಷ್ಟುಗಳು ಓಕ್ರಾಟಾಕ್ಸಿನ್ ಎಂಬ ವಿಷವನ್ನೂ ಹುಟ್ಟಿಸುತ್ತವೆ. ತಪ್ಪು ತಿರುಗುಮುರುಗಾದರೆ, ಅಂದರೆ ನಲವತ್ತು ಲೀಟರಿನ ಪೆಟ್ಟಿಗೆಯಲ್ಲಿ ಬುಷೆಲ್‌ನ 31 ಪೌಂಡನ್ನು, ಎಂದರೆ 14.06 ಕಿಲೋಗ್ರಾಮನ್ನು, ಕಾಯುತ್ತ ಕೂತರೆ, ಅದು ಬಿಸಿಲಿನಲ್ಲಿ ಎಂದೂ ತಲುಪದ ಗುರಿ. ಅಷ್ಟರಲ್ಲಿ ಅತಿಯಾಗಿ ಒಣಗಿದ ಬೀಜ ಕ್ಯೂರಿಂಗ್ ವರ್ಕ್ಸಿನ ಯಂತ್ರದಲ್ಲಿ ಒಡೆದುಹೋಗುತ್ತದೆ, ಮಾರುವ ತೂಕವೂ ನಷ್ಟವಾಗುತ್ತದೆ. ವರ್ಷದ ಬೆಳೆಯ ಬೆಲೆ ಹೀಗೆ ಒಂದು ಪೆಟ್ಟಿಗೆಯ ಗಾತ್ರದ ಮೇಲೆ ನಿಲ್ಲುವಾಗ, ಪರಿವರ್ತನೆಯ ತಪ್ಪನ್ನು ಲೆಕ್ಕದ ಚಿಕ್ಕ ಎಡವಟ್ಟೆಂದು ಕರೆಯುವುದು ಬೆಳೆಗಾರರಿಗೆ ಮಾಡುವ ಅನ್ಯಾಯ.

ಇದೇ ಬಗೆಯ ಅರ್ಧ ಪರಿವರ್ತನೆ ಜಗತ್ತಿಗೆಲ್ಲ ತಿಳಿದ ಒಂದು ಅಪಾಯಕ್ಕೂ ಕಾರಣವಾಗಿತ್ತು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದಕ್ಕೆ ಎಡ್ಮಂಟನ್ ತಲುಪಲು 22,300 ಕಿಲೋಗ್ರಾಂ ಇಂಧನ ಬೇಕಿತ್ತು. ಟ್ಯಾಂಕುಗಳಲ್ಲಿ 7,682 ಲೀಟರ್ ಇದೆಯೆಂದು ಅಳತೆ ಕಡ್ಡಿಯಿಂದ ಗೊತ್ತಾಯಿತು. ಲೀಟರನ್ನು ತೂಕಕ್ಕೆ ತಿರುಗಿಸಲು ಅಲ್ಲಿ ಬಳಸಿದ 1.77 ಎಂಬ ಸಂಖ್ಯೆ ಲೀಟರಿಗೆ ಇಷ್ಟು ಪೌಂಡ್ ಎಂಬುದಾಗಿತ್ತು, ಬೇಕಾಗಿದ್ದದ್ದು ಲೀಟರಿಗೆ ಸುಮಾರು 0.8 ಕಿಲೋಗ್ರಾಂ. ಹೀಗಾಗಿ 20,088 ಲೀಟರ್ ತುಂಬಬೇಕಾಗಿದ್ದಲ್ಲಿ 4,917 ಲೀಟರ್ ಮಾತ್ರ ತುಂಬಲಾಯಿತು. ಆಕಾಶದ ಮಧ್ಯದಲ್ಲಿ ಎರಡೂ ಎಂಜಿನ್ ನಿಂತುಹೋದ ಮೇಲೆ ವಿಮಾನವನ್ನು ತೇಲಿಸಿಕೊಂಡೇ ಬಂದು ಮ್ಯಾನಿಟೋಬಾದ ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದ ವಿಮಾನಚಾಲಕರ ಕೌಶಲದಿಂದ ಯಾರ ಪ್ರಾಣವೂ ಹೋಗಲಿಲ್ಲ. ಆ ದೇಶ ಆಗತಾನೇ ಮೆಟ್ರಿಕ್ ಪದ್ಧತಿಗೆ ತಿರುಗುತ್ತಿತ್ತು. ಗುಣಾಕಾರ ಮಾಡಿದವರು ಅಂಕಗಣಿತದಲ್ಲಿ ತಪ್ಪಲಿಲ್ಲ, 1.77ರ ಪಕ್ಕದಲ್ಲಿ ಅದರ ಏಕಮಾನ ಬರೆದಿರಲಿಲ್ಲ, ಅಷ್ಟೆ.

ಕಾಫಿಯ ರಾಶಿಯಿಂದ ಗಾಳಿಯ ಕಡೆ ಬಂದರೆ ವಿಶಿಷ್ಟ ಗಾತ್ರಕ್ಕೆ ಏಕಮಾನವಷ್ಟೇ ಸಾಲದು, ಸ್ಥಿತಿಯೂ ಬೇಕೆಂಬುದು ಸ್ಪಷ್ಟವಾಗುತ್ತದೆ. ಕೊಯ್ಲಿನ ನಡುವೆ ಅಕಾಲದ ಮಳೆ ಬಂದಾಗ ಕಣದ ಬಿಸಿಲನ್ನು ನಂಬಲಾಗದೆ ಬಿಸಿಗಾಳಿಯ ಡ್ರೈಯರುಗಳನ್ನು ಬಳಸುವ ತೋಟಗಳಿವೆ. ಅವುಗಳ ಫ್ಯಾನು ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ತಳ್ಳುತ್ತದೆಂದು ತಯಾರಕರು ಬರೆದಿರುತ್ತಾರೆ, ಆದರೆ ಕಾಫಿಯಿಂದ ನೀರನ್ನು ಹೊತ್ತೊಯ್ಯುವ ಶಕ್ತಿ ಗಾಳಿಯ ದ್ರವ್ಯರಾಶಿಯನ್ನು ಅವಲಂಬಿಸುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಒಣಗಾಳಿಯ ವಿಶಿಷ್ಟ ಗಾತ್ರ ಕಿಲೋಗ್ರಾಮಿಗೆ 0.83 ಘನಮೀಟರ್, ಅಂದರೆ ಪೌಂಡಿಗೆ 13.3 ಘನ ಅಡಿ. ಸಾವಿರ ಮೀಟರ್ ಎತ್ತರದ ತೋಟದಲ್ಲಿ ವಾಯುಭಾರ ಸುಮಾರು ಒಂಬತ್ತನೆಯ ಒಂದು ಭಾಗದಷ್ಟು ಕಡಿಮೆಯಾಗುವುದರಿಂದ ಅದೇ ಉಷ್ಣತೆಯ ಗಾಳಿ ಹಿಗ್ಗಿ 0.94 ಘನಮೀಟರ್, ಎಂದರೆ ಪೌಂಡಿಗೆ 15 ಘನ ಅಡಿಯಾಗುತ್ತದೆ. 50 ಡಿಗ್ರಿಗೆ ಕಾಯಿಸಿದರೆ 1.03 ಘನಮೀಟರ್, ಪೌಂಡಿಗೆ 16.5 ಘನ ಅಡಿ. ಮಂಗಳೂರಿನ ಮಟ್ಟದಲ್ಲಿ ಪರೀಕ್ಷಿಸಿದ ಫ್ಯಾನು ಘಟ್ಟದ ಮೇಲೆ ಅಷ್ಟೇ ಘನ ಅಡಿಗಳನ್ನು ತಳ್ಳಿದರೂ ಹೊರಡುವ ಗಾಳಿಯ ದ್ರವ್ಯರಾಶಿ ಒಂಬತ್ತರಲ್ಲಿ ಒಂದು ಪಾಲು ಕಡಿಮೆ. ಡ್ರೈಯರ್ ಕೊಳ್ಳುವಾಗ ಈ ಪ್ರಶ್ನೆಯನ್ನು ಕೇಳದಿದ್ದರೆ ಕಾಫಿ ಒಣಗಲು ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಸೌದೆಯೂ ಹೆಚ್ಚು ಬೇಕಾಗುತ್ತದೆ. ಉಗಿಯ ವಿಷಯದಲ್ಲಂತೂ ಸ್ಥಿತಿಯ ಪ್ರಭಾವ ಇನ್ನೂ ಬಹು ದೊಡ್ಡದು: ಸಾಮಾನ್ಯ ವಾಯುಭಾರದಲ್ಲಿ 100 ಡಿಗ್ರಿಯ ಉಗಿ ಕಿಲೋಗ್ರಾಮಿಗೆ 1.673 ಘನಮೀಟರ್, ಅಂದರೆ ಪೌಂಡಿಗೆ 26.8 ಘನ ಅಡಿ ಜಾಗ ಹಿಡಿಯುತ್ತದೆ, ಅದೇ ನೀರು ದ್ರವವಾಗಿದ್ದಾಗ ಹಿಡಿಯುವ ಜಾಗದ ಸಾವಿರದ ಆರುನೂರು ಪಟ್ಟು.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಮೈಸೂರು ಸಂಸ್ಥಾನ ಕಾಫಿ ಪ್ರಯೋಗಕೇಂದ್ರವನ್ನು ತೆರೆದಾಗಿನಿಂದ, ಅದು ಮುಂದೆ ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಮೇಲೆಯೂ, ಈ ಸೀಮೆಯ ಬೆಳೆಗಾರರಿಗೆ ಕೈಗೆಟುಕುವ ದೂರದಲ್ಲೇ ವಿಜ್ಞಾನವಿದೆ. ವಿದ್ಯುತ್ ತೇವಾಂಶಮಾಪಕಗಳೂ ಈಗ ಅನೇಕ ತೋಟಗಳಿಗೆ ಬಂದಿವೆ. ಆದರೂ ಫೋರ್‌ಲಿಟ್ ಪೆಟ್ಟಿಗೆಯನ್ನು ಬಿಸಾಡುವ ಕಾಲ ಬಂದಿಲ್ಲ: ಅದಕ್ಕೆ ಬ್ಯಾಟರಿ ಬೇಡ, ಮತ್ತು ಮಾಪಕ ಒಂದು ಹಿಡಿ ಕಾಫಿಯ ಸ್ಥಿತಿಯನ್ನು ಹೇಳಿದರೆ ಪೆಟ್ಟಿಗೆ ನಲವತ್ತು ಲೀಟರ್ ಕಾಫಿಯ ಸ್ಥಿತಿಯನ್ನು ಒಟ್ಟಿಗೆ ಹೇಳುತ್ತದೆ. ಬೇಕಾಗಿರುವುದು ಪೆಟ್ಟಿಗೆ ಯಾವುದೆಂದು ಖಚಿತಪಡಿಸಿಕೊಳ್ಳುವುದು. ನಲವತ್ತು ಲೀಟರಿನ ಘನಾಕೃತಿಯ ಪೆಟ್ಟಿಗೆಯ ಒಳಬದಿ 34.2 ಸೆಂಟಿಮೀಟರ್, ಬುಷೆಲ್‌ನದು 33.1, ಹತ್ತು ಶೇಕಡ ಗಾತ್ರದ ವ್ಯತ್ಯಾಸ ಬದಿಯಲ್ಲಿ ಬರೀ ಒಂದು ಸೆಂಟಿಮೀಟರ್ ಆಗಿ ಕಾಣುವುದರಿಂದ ಕಣ್ಣಂದಾಜನ್ನು ನಂಬುವಂತಿಲ್ಲ. ಟೇಪು ಹಿಡಿದು ಒಳಗಿನ ಉದ್ದ, ಅಗಲ, ಎತ್ತರಗಳನ್ನು ಇಂಚಿನಲ್ಲಿ ಅಳೆದು ಗುಣಿಸಿದಾಗ 2,441ರ ಸುಮಾರು ಬಂದರೆ ಫೋರ್‌ಲಿಟ್, 2,219ರ ಸುಮಾರು ಬಂದರೆ ಬುಷೆಲ್. ತಗಡಿನ ಪೆಟ್ಟಿಗೆಯಾದರೆ ಅಂಚಿನವರೆಗೆ ನೀರು ತುಂಬಿ ತೂಗಿ, ಖಾಲಿ ಪೆಟ್ಟಿಗೆಯ ತೂಕ ಕಳೆಯುವುದು ಇನ್ನೂ ನೇರವಾದ ದಾರಿ: ನಲವತ್ತು ಕಿಲೋಗ್ರಾಂ ನೀರು ಹಿಡಿದರೆ ಕಾಫಿ ಮಂಡಳಿಯ ಸಂಖ್ಯೆಗಳನ್ನು ಹಾಗೆಯೇ ಬಳಸಬಹುದು, ಮೂವತ್ತಾರು ಚಿಲ್ಲರೆ ಬಂದರೆ ಅದರ ಮೇಲೆ ಬುಷೆಲ್ ಎಂದು ಬಣ್ಣದಲ್ಲಿ ಬರೆದು, ಅದರ ಗುರಿಯನ್ನು ಅರೇಬಿಕಾ ಪಾರ್ಚ್‌ಮೆಂಟಿಗೆ 14.1 ಕಿಲೋಗ್ರಾಂ, ಅರೇಬಿಕಾ ಚೆರ್ರಿಗೂ ರೊಬಸ್ಟಾ ಪಾರ್ಚ್‌ಮೆಂಟಿಗೂ 14.5, ರೊಬಸ್ಟಾ ಚೆರ್ರಿಗೆ 16.4 ಎಂದು ಪಕ್ಕದಲ್ಲೇ ನಮೂದಿಸಬೇಕು.